ಮೇವಿಸ್ ಎತ್ತಿಟ್ಟ ಬಾಟಲಿಗಳು

ಕುರಿಗಳ ಉಣ್ಣೆ ತೆಗೆಯುವ ತಂಡಕ್ಕೆ ಅಡಿಗೆಯವರನ್ನು ಗೊತ್ತುಮಾಡುವವನು ಗುತ್ತಿಗೆದಾರ. ಓಡಿಸುವ ಹಕ್ಕು ಮಾತ್ರ ಉಣ್ಣುವವರದು. ಬರ್ಕ್ ಊರಿನಿಂದಾಚೆಯ ಉಣ್ಣೆ ಶೆಡ್ಡುಗಳಲ್ಲಿ ಇದು ಹಿಂದಿನಿಂದ ಬಂದ ಪದ್ಧತಿ. ಊಟ ಒಗ್ಗಲಿಲ್ಲವೋ, ಯಾರಾದರೂ ಒಬ್ಬ ವೋಟು ಕೇಳಿದರೆ ಸಾಕು, ತಂಬಾಕಿನ ಖಾಲಿ ಡಬ್ಬಿಯೊಂದು ಮೇಜಿನ ಸುತ್ತ ಹೋಗುತ್ತದೆ. ಇರಲಿ ಅನ್ನುವವನು ಅದಕ್ಕೆ ಇಡೀ ಬೆಂಕಿಕಡ್ಡಿ ಹಾಕುತ್ತಾನೆ, ಹೋಗಲಿ ಅನ್ನುವವನು ಮುರಿದ ಕಡ್ಡಿ. ಮುರಿದವು ಹೆಚ್ಚಾದರೆ ಅಡಿಗೆಯವರು ಗಂಟುಮೂಟೆ ಕಟ್ಟಿ ಟಪಾಲು ಲಾರಿ ಹತ್ತಬೇಕು. ಗುತ್ತಿಗೆದಾರನೂ ತುಟಿ ಬಿಚ್ಚುವ ಹಾಗಿಲ್ಲ.

ಮೇವಿಸ್ ಟ್ರಂಬಲ್‌ಗೆ ಇದೆಲ್ಲ ಗೊತ್ತಿತ್ತು, ಗೊತ್ತಿದ್ದೇ ಬಂದಿದ್ದಳು. ಗಂಡ ಆಲ್ಫ್ ರೈಲು ಹಳಿ ರಿಪೇರಿಯವನು. ಅವನು ತೀರಿಹೋದ ಮೇಲೆ ಕೆಲಸದ ಜೊತೆ ಕೊಟ್ಟ ಮನೆಯೂ ಹೋಯಿತು. ಉಳಿದದ್ದು ಡಬ್ಬೋ ಪಟ್ಟಣದಲ್ಲಿ ಅಕ್ಕ ಹೇಜಲ್‌ಳ ಮನೆಯ ಹಿಂದಿನ ಜಗಲಿ. ದೀಪ ಯಾವಾಗ ಆರಿಸಬೇಕು, ಸ್ನಾನಕ್ಕೆ ಎಷ್ಟು ನೀರು ಕಾಯಿಸಬೇಕು, ಟೀಗೆ ಎಷ್ಟು ಸಕ್ಕರೆ ಹಾಕಿಕೊಳ್ಳಬೇಕು, ಎಲ್ಲಕ್ಕೂ ಹೇಜಲ್‌ಳ ಹುಕುಂ ಆಗಬೇಕು. ಅಲ್ಲಿಯ ಹಂಗಿನ ಕೂಳು ಉಂಡು ಉಂಡು ಮೇವಿಸ್‌ಗೆ ಜೀವ ರೋಸಿಹೋಗಿತ್ತು. ಇಲ್ಲಿ ವಿಲ್ಗಾ ಡೌನ್ಸ್ ಎಂಬ ಕುರಿಸಾಕಣೆಯಲ್ಲಿ ಅಡಿಗೆಮನೆಗೆ ಅಂಟಿಕೊಂಡ ಒಂದು ತಗಡಿನ ಕೋಣೆ, ಅದಕ್ಕೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಈ ಒಂದು ಶೆಡ್ಡು ಸರಿಯಾಗಿ ದಾಟಿಸಿದರೆ ವರ್ಷವಿಡೀ ಈ ತಂಡದ ಜೊತೆಗೇ ಸುತ್ತಬಹುದು ಎಂದು ಗುತ್ತಿಗೆದಾರ ಹೇಳಿದ್ದ. ಇಲ್ಲದಿದ್ದರೆ ಮತ್ತೆ ಅದೇ ಜಗಲಿ.

ಮೊದಲ ರಾತ್ರಿಯೇ ಅವಳಿಗೆ ಉರಿದುಹೋಯಿತು. ಅಲ್ಲಿಯ ಕುರಿಗಳ ಮಾಲೀಕ ದನಗಳನ್ನೂ ಸಾಕಿದ್ದರಿಂದ ಈ ಶೆಡ್ಡಿನಲ್ಲಿ ಕುರಿಮಾಂಸದ ಬದಲು ದನದ ಮಾಂಸದ ದಪ್ಪ ಸ್ಟೇಕುಗಳು. ಬಾಣಲೆಯ ಮುಂದೆ ಬೆವರು ಸುರಿಸಿ, ಒಂದೊಂದನ್ನೂ ಹದ ನೋಡಿ ಹುರಿದು ತಂದಿಟ್ಟರೆ, ಈ ಮಹಾನುಭಾವರು ಒಂದು ಚೂರು ಬಾಯಿಗಿಟ್ಟು ರುಚಿ ನೋಡುವ ಮೊದಲೇ ಮೇಜಿನ ಮೇಲಿದ್ದ ಸಾಸಿನ ಬಾಟಲಿಗಳಿಗೆ ಕೈ ಹಾಕಿದರು. ಒಬ್ಬ ಟೊಮ್ಯಾಟೊ ಸಾಸಿನಲ್ಲಿ ಮಾಂಸವನ್ನು ಮುಳುಗಿಸಿಯೇ ಬಿಟ್ಟ. ಬ್ಲೂಯಿ ಎಂಬ ಕೆಂಪು ಕೂದಲಿನ ವಾಚಾಳಿ ಉಪ್ಪಿನಕಾಯಿಯ ಮೇಲೆ ಟೊಮ್ಯಾಟೊ ಸಾಸು, ಅದರ ಮೇಲೆ ಮತ್ತೆ ಉಪ್ಪಿನಕಾಯಿ ಹೇರಿದ. ತಂಡದ ಹಿರಿಯ, ಗಂಟುಮುಖದ ನಾರ್ಮ್ ಗಿಲ್ಲಿಸ್ ನೀರಿನಂಥ ಕಪ್ಪು ಹುಳಿ ಸಾಸನ್ನು ಮಾಂಸದ ಅಂಚಿನ ಸುತ್ತ ಹನಿಹನಿಯಾಗಿ ಬಿಟ್ಟುಕೊಂಡ. ತನ್ನ ಅಡಿಗೆಯ ಮುಖಕ್ಕೆ ಹೊಡೆದಂತೆ ಅನ್ನಿಸಿತು ಮೇವಿಸ್‌ಗೆ.

ಮರುದಿನ ಅವಳು ಬಾಟಲಿಗಳನ್ನೆಲ್ಲ ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ನೊಣ ಮುತ್ತುತ್ತವೆ ಎಂಬುದು ನೆವ. ಡಬ್ಬೋದಿಂದ ಬರುವಾಗ ತಂದಿದ್ದ ತನ್ನದೇ ಕೈಯ ಟೊಮ್ಯಾಟೊ ಸಾಸಿನ ಜಾಡಿ ತೆಗೆದು, ಬೆಳಗಿನ ಬಿಡುವಿಗೆ ಕಳಿಸುವ ಸ್ಟೇಕ್ ಸ್ಯಾಂಡ್‌ವಿಚ್‌ಗಳಿಗೆಲ್ಲ ತಾನೇ ಹಚ್ಚಿದಳು. ಕೆಟ್ಟ ಸಾಸೇನಲ್ಲ ಅದು, ನಿಜಕ್ಕೂ ಒಳ್ಳೆಯದೇ. ಆದರೆ ಬುಟ್ಟಿ ವಾಪಸು ಬಂದಾಗ ಅರ್ಧಕ್ಕರ್ಧ ಹಾಗೇ ಉಳಿದಿತ್ತು. ಶೆಡ್ಡಿನ ನಾಯಿಗಳಂತೂ ಅಂದು ಹಬ್ಬ ಮಾಡಿದವು.

ಸಂಜೆ ಕ್ಲಾರಿ ಡೂಲನ್ ಅಡಿಗೆಮನೆಯ ಬಾಗಿಲಿಗೆ ಬಂದು ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತ. ಮಾಲೀಕರ ಹತ್ತಿರ ತಂಡದ ಪರವಾಗಿ ಮಾತಾಡುವವನು ಅವನೇ.

"ಅಡಿಗೆಯಮ್ಮ, ಬೇಜಾರ್ ಮಾಡ್ಕೋಬೇಡಿ. ಶನಿವಾರ ಮಧ್ಯಾಹ್ನ ಊಟ ಆದ್ಮೇಲೆ ಡಬ್ಬಿ ತಿರುಗತ್ತೆ."

"ವೋಟಾ? ಯಾರು ಕೇಳಿದ್ದು?"

"ನಾರ್ಮ್."

"ಯಾಕಂತೆ? ಮಾಂಸ ಬೆಂದಿರ್ಲಿಲ್ವಾ?"

"ಚೆನ್ನಾಗೇ ಬೆಂದಿತ್ತು. ನೀವೇ ಸ್ವಲ್ಪ ಯೋಚನೆ ಮಾಡಿ." ಇಷ್ಟು ಹೇಳಿ ಅವನು ಹೊರಟುಹೋದ. ಆ ಕಡೆಯ ಗಂಡಸರ ಬಾಯಿಂದ ಪೂರ್ತಿ ಮಾತು ಹೊರಡಿಸುವುದು ಅಂದರೆ ಕಬ್ಬಿಣದ ಕಡಲೆ.

ಮೇವಿಸ್ ಯೋಚನೆ ಮಾಡಿದಳು, ಮಾಡಿ ತಪ್ಪು ದಾರಿಯನ್ನೇ ಹಿಡಿದಳು. ಎಲ್ಲರಿಗೂ ಒಂದೇ ಸಾಸು ಹಾಕಿದ್ದು ತಪ್ಪಾಯಿತು, ಅವರವರದು ಅವರವರಿಗೆ ಹಾಕಿದರೆ ಸರಿ ಎಂದುಕೊಂಡಳು. ಮೊದಲ ರಾತ್ರಿ ಕೋಪದಲ್ಲಿ ಎಲ್ಲರ ತಟ್ಟೆಗಳನ್ನೇ ದಿಟ್ಟಿಸಿ ನೋಡಿದ್ದರಿಂದ ಯಾರಿಗೆ ಏನು ಎಂಬುದು ಅವಳಿಗೆ ಅಚ್ಚೊತ್ತಿದಂತೆ ನೆನಪಿತ್ತು. ಶುಕ್ರವಾರ ರಾತ್ರಿ ತಟ್ಟೆಗಳು ಅಡಿಗೆಮನೆಯಿಂದಲೇ ಸಿಂಗಾರಗೊಂಡು ಬಂದವು. ಬ್ಲೂಯಿಗೆ ಅವನ ಮೂರು ಪದರ, ಕ್ಲಾರಿಗೆ ಸ್ಟೇಕಿನ ಮೇಲಲ್ಲ, ಪಕ್ಕದಲ್ಲಿ ಒಂದು ಚಮಚ ಸಾಸಿವೆ ಗೊಜ್ಜು, ನಾರ್ಮ್‌ಗೆ ಅಂಚಿನ ಸುತ್ತ ಕಪ್ಪು ಸಾಸಿನ ಹನಿ. ಹೆತ್ತ ತಾಯಿಯೂ ಇಷ್ಟು ನೆನಪಿಡಲಾರಳು ಎಂಬ ಹೆಮ್ಮೆಯಲ್ಲಿ ಅವಳು ಬಾಗಿಲಲ್ಲಿ ನಿಂತಿದ್ದಳು.

ನಾರ್ಮ್ ಚಾಕು ತೆಗೆದುಕೊಂಡು ಆ ಕಪ್ಪು ಹನಿಗಳನ್ನು ನಿಧಾನವಾಗಿ ಕೆರೆದು ತಟ್ಟೆಯ ಅಂಚಿಗೆ ಒರೆಸಿದ. ಆಮೇಲೆ ಒಣ ಮಾಂಸವನ್ನು ಅಗಿದು ಅಗಿದು ತಿಂದ.

ಮೇವಿಸ್‌ಗೆ ತಡೆಯಲಾಗಲಿಲ್ಲ. ಊಟವಾದ ಮೇಲೆ ಕ್ಲಾರಿಯನ್ನು ನೀರಿನ ಟ್ಯಾಂಕಿನ ಹತ್ತಿರ ಅಡ್ಡಗಟ್ಟಿದಳು.

"ಅದು ಅವನದೇ ಸಾಸು ತಾನೇ? ಅವನು ಹಾಕ್ಕೊಳ್ಳೋ ಹಾಗೇ ಹಾಕಿದ್ದೆ ತಾನೇ? ಮತ್ತೆ ಏನು ಧಾಡಿ ಅವನಿಗೆ?"

"ಅವನದೇ. ಅದಕ್ಕೇ ಅವನಿಗೆ ಮೈ ಉರಿದಿದ್ದು."

"ಒಗಟು ಹೇಳ್ಬೇಡ ಮಾರಾಯ. ನನಗೆ ಇಲ್ಲಿಂದ ಹೋದ್ರೆ ನೆಲೆ ಇಲ್ಲ. ಬಿಡಿಸಿ ಹೇಳು."

ಕ್ಲಾರಿ ಸಿಗರೇಟು ಸುತ್ತಿ ಹಚ್ಚಿದ. "ನೋಡಿ, ಗಂಟೆ ಹೊಡೆದ್ರೆ ಬಗ್ಗಬೇಕು, ಗಂಟೆ ಹೊಡೆದ್ರೆ ಏಳಬೇಕು. ಯಾವ ಕುರಿ ಅಂತ ಮಾಲೀಕ ಹೇಳ್ತಾನೆ, ಹೇಗೆ ತೆಗೀಬೇಕು ಅಂತ ಮೇಸ್ತ್ರಿ ಹೇಳ್ತಾನೆ. ನೀವು ಏನು ಬೇಯಿಸ್ತೀರೋ ಅದನ್ನೇ ತಿನ್ಬೇಕು. ಬೆಳಗಿಂದ ಸಂಜೆವರೆಗೆ ಅವನ ಇಷ್ಟ ಅಂತ ಇರೋದು ಆ ಬಾಟಲಿ ಒಂದೇ. ನಾಳೆ ನಾರ್ಮ್‌ಗೆ ಕೆಂಪು ಸಾಸು ಬೇಕು ಅನ್ನಿಸ್ಬಹುದು."

"ಅನ್ಸತ್ತಾ?"

"ಇಲ್ಲ. ಈ ಜನ್ಮದಲ್ಲಿ ಅನ್ಸಲ್ಲ. ಆದ್ರೂ ಕೈ ಅವನದಾಗಿರ್ಬೇಕು."

ಮೇವಿಸ್ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡು ಅತ್ತಳು. ಹೇಜಲ್‌ಳ ಮೇಲೆ ತನಗಿದ್ದ ಸಿಟ್ಟು, ನಾರ್ಮ್‌ಗೆ ತನ್ನ ಮೇಲಿದ್ದ ಸಿಟ್ಟು ಎರಡೂ ಒಂದೇ ಎಂದು ಅವಳಿಗೆ ಹೊಳೆದಿತ್ತು. ಹೊಳೆದದ್ದು ತಡವಾಗಿತ್ತು, ಅಷ್ಟೇ. ಅತ್ತು ಮುಗಿದ ಮೇಲೆ ಬಟ್ಟೆಬರೆ ಪೆಟ್ಟಿಗೆಗೆ ತುಂಬಿಟ್ಟಳು.

ಶನಿವಾರ ಮಧ್ಯಾಹ್ನ ಸ್ಟೇಕು, ಬ್ರೆಡ್ಡು, ಹುರಿದ ಈರುಳ್ಳಿ ಎಲ್ಲ ಬೇರೆಬೇರೆಯಾಗಿ ಬಂದವು. ಮೇಜಿನ ನಡುವೆ ಬಾಟಲಿಗಳು ಸಾಲಾಗಿ ನಿಂತಿದ್ದವು, ಅವುಗಳ ಪಕ್ಕದಲ್ಲಿ ತಂಬಾಕಿನ ಡಬ್ಬಿ. ಮೇವಿಸ್ ಕ್ಷಮೆ ಕೇಳಲಿಲ್ಲ. ಹೇಗೂ ಲಾರಿ ಹತ್ತುವುದೇ, ಕೊನೆಯ ಊಟವನ್ನಾದರೂ ಕೂತು ಮಾಡೋಣ ಎಂದು ತನ್ನ ತಟ್ಟೆ ಹಿಡಿದು ಬಂದು ಬೆಂಚಿನ ತುದಿಯಲ್ಲಿ ಕೂತಳು. ಅಡಿಗೆಯವರು ಆ ಮೇಜಿಗೆ ಕೂರುವ ರೂಢಿ ಇರಲಿಲ್ಲ. ಬ್ಲೂಯಿ ಜರುಗಿ ಜಾಗ ಕೊಟ್ಟ.

ಬಾಟಲಿಗಳ ಮುಂದೆ ಅವಳ ಕೈ ನಿಂತುಬಿಟ್ಟಿತು. ತನಗೆ ಯಾವುದು ಇಷ್ಟ? ಅವಳಿಗೇ ಗೊತ್ತಿರಲಿಲ್ಲ. ಮದುವೆಯಾದಾಗಿನಿಂದ ಆಲ್ಫ್ ಏನು ಹಾಕಿಕೊಳ್ಳುತ್ತಿದ್ದನೋ ಅದನ್ನೇ ತನಗೂ ಹಾಕಿಕೊಂಡು, ನಿಂತಲ್ಲೇ ತಿಂದು ಮುಗಿಸಿದವಳು. ಅವನಿಗೆ ಸಾಸಿವೆ ಆಗುತ್ತಿರಲಿಲ್ಲ, ಹಾಗಾಗಿ ಅವಳ ನಾಲಿಗೆಗೂ ಅದು ಸೋಕಿರಲಿಲ್ಲ. ಅವಳು ಸಾಸಿವೆ ಗೊಜ್ಜಿನ ಡಬ್ಬಿ ಎಳೆದುಕೊಂಡು ದೊಡ್ಡ ಚಮಚದ ತುಂಬ ತೆಗೆದು ಸ್ಟೇಕಿನ ಮೇಲೆಲ್ಲ ಬಳಿದಳು.

"ಅಯ್ಯಯ್ಯೋ, ಅಷ್ಟು ತಿಂದ್ರೆ ನೆತ್ತಿಗೇರತ್ತೆ ಅಡಿಗೆಯಮ್ಮ," ಎಂದು ಬ್ಲೂಯಿ ತನ್ನ ಚಾಕು ಚಾಚಿದ. "ಕೊಡಿ ಇಲ್ಲಿ, ಅರ್ಧ ಕೆರೆದು ತೆಗೀತೀನಿ."

"ಕೈ ತೆಗಿಯೋ," ಎಂದಳು ಮೇವಿಸ್. "ಇದು ನನ್ನ ತಟ್ಟೆ."

ಬ್ಲೂಯಿಯ ಚಾಕು ಅರ್ಧದಲ್ಲೇ ನಿಂತಿತು. ಮೇಜಿನ ಆ ತುದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇವಿಸ್ ಒಂದು ದೊಡ್ಡ ತುಂಡು ಕತ್ತರಿಸಿ ಬಾಯಿಗಿಟ್ಟಳು. ಖಾರ ಮೂಗಿನಿಂದ ಹಣೆಯವರೆಗೆ ಸರ್ರನೆ ಏರಿತು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯಿತು. ಅವಳು ಬಿಡಲಿಲ್ಲ, ಅಗಿದು ನುಂಗಿ ಎರಡನೆಯ ತುಂಡಿಗೆ ಚಾಕು ಹಾಕಿದಳು.

ನಾರ್ಮ್ ಇದನ್ನೆಲ್ಲ ಕೆಕ್ಕರಿಸಿಕೊಂಡು ನೋಡುತ್ತಿದ್ದ. ಕೈ ಚಾಚಿ ತಂಬಾಕಿನ ಡಬ್ಬಿ ಎತ್ತಿ ಕ್ಲಾರಿಯ ಮುಂದೆ ಇಟ್ಟ.

"ಇದನ್ನ ತಗೊಂಡು ಹೋಗಿ ಒಳಗಿಡು. ನಾನು ಕೇಳಿದ ವೋಟು, ನಾನೇ ವಾಪಸ್ ತಗೊಂಡೆ."

"ಬೇರೆ ಯಾರಿಗಾದ್ರೂ ಬೇಕೇನ್ರೋ?" ಎಂದು ಕ್ಲಾರಿ ಮೇಜಿನ ಸುತ್ತ ನೋಡಿದ. ಯಾರೂ ತಲೆ ಎತ್ತಲಿಲ್ಲ, ಎಲ್ಲರ ಕೈಯೂ ಬಾಟಲಿಗಳ ಮೇಲಿತ್ತು. ಅವನು ಡಬ್ಬಿಯನ್ನು ಜೇಬಿಗೆ ಹಾಕಿಕೊಂಡ.

ಮೇವಿಸ್‌ಗೆ ಖಾರಕ್ಕೆ ಗಂಟಲು ಉರಿಯುತ್ತಿತ್ತು. ನೀರಿನ ಹೂಜಿ ಇದ್ದದ್ದು ನಾರ್ಮ್‌ನ ಪಕ್ಕದಲ್ಲಿ. ಅವನು ಅದನ್ನೆತ್ತಿ ಅವಳ ಲೋಟದ ಹತ್ತಿರ ತಂದ, ಆದರೆ ಬಗ್ಗಿಸಲಿಲ್ಲ.

"ನೀರು ಹಾಕ್ಲಾ?" ಎಂದು ಕೇಳಿದ.

ಮೇವಿಸ್ ಕಣ್ಣೊರೆಸಿಕೊಂಡು ಒಂದು ಕ್ಷಣ ಯೋಚಿಸಿದಳು.

"ಹಾಕು," ಎಂದಳು. "ಅರ್ಧ ಲೋಟ ಸಾಕು."

ನಾರ್ಮ್ ಅರ್ಧ ಲೋಟ ಹಾಕಿ ನಿಲ್ಲಿಸಿದ.