ಮುನೇಶ್ವರನ ಮೈ ತೊಳೆದ ಬೆಳಿಗ್ಗೆ

ಬಾಗಲಗುಂಟೆಯ ಆ ಕಲ್ಲು ಮನೆಯಲ್ಲಿ ಕಣ್ಣರಳಿಸಿ ನೋಡುವಂಥದ್ದು ಏನೂ ಇರಲಿಲ್ಲ. ಗೋಡೆಗೆ ನಿಲ್ಲಿಸಿದ ಚಪ್ಪಡಿ, ಸೂರಿಗೆ ಮಲಗಿಸಿದ ಚಪ್ಪಡಿ, ತಲೆ ಬಗ್ಗಿಸದೆ ನುಗ್ಗಿದವರ ಹಣೆಗೆ ಬುಗುಟು ಬರಿಸುವ ಗಿಡ್ಡ ಬಾಗಿಲು. ಸುತ್ತಲಿನ ಹೊಲದಲ್ಲೆಲ್ಲ ನಾಲ್ಕಂತಸ್ತಿನ ಬಾಡಿಗೆ ಮನೆಗಳನ್ನು ಎಬ್ಬಿಸಿದ ಪಿಳ್ಳಪ್ಪ ಇದೊಂದನ್ನು ಸಿಮೆಂಟ್ ಮೂಟೆ ಪೇರಿಸಲು ಬಿಟ್ಟುಕೊಂಡಿದ್ದ. ಈಗ ಅವನ ಮಗ ಯಶವಂತನಿಗೆ ಹೆರಿಟೇಜ್ ಹುಚ್ಚು ಹಿಡಿದಿತ್ತು. ಮುತ್ತಾತ ಕಟ್ಟಿದ ಮನೆಯನ್ನು ತೊಳೆದು ಕೆಫೆ ಮಾಡುತ್ತಾನಂತೆ. ಹಿರಿಯರು ರಾಗಿಮುದ್ದೆ ನುಂಗಿದ ಜಗಲಿಯ ಮೇಲೆ ಕೂತು ಜನ ದುಡ್ಡು ಕೊಟ್ಟು ಪಾಸ್ತಾ ತಿನ್ನುತ್ತಾರಂತೆ. ಬೋರ್ಡೂ ತಯಾರಾಗಿ ಬಂದಿತ್ತು: ‘ಸತ್ಯದ ಮನೆ’.

ಹೆಸರು ಹುಡುಗನ ಕಲ್ಪನೆಯಲ್ಲ, ಊರವರು ಕೊಟ್ಟಿದ್ದು. ಕೊಟ್ಟ ದಿನ ಅವನ ತಾಯಿ ಕೃಷ್ಣಮ್ಮ ಆ ಮನೆಗೆ ಸೊಸೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ಕರ್ಪೂರದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು.

ಆಗ ಪಕ್ಕದ ಹೊಲದವನು, ಮುನಿಯಲ್ಲಪ್ಪ ಎಂಬವನ ಅಪ್ಪ, ಹೊಲ ಅಳೆಸಲು ಹೋದಾಗ ಗಡಿ ತೋರಿಸುವ ಬಾಂದು ಕಲ್ಲೇ ಮಾಯವಾಗಿತ್ತು. ಕಲ್ಲು ಕಿತ್ತು ನನ್ನ ಹೊಲ ನುಂಗಿದವರು ನೀವೇ ಎಂದು ಅವನು ಕೃಷ್ಣಮ್ಮನ ಮಾವನ ಮೇಲೆ ಪಂಚಾಯಿತಿ ಸೇರಿಸಿದ. ಮಾತಿಗೆ ಮಾತು ಬೆಳೆದು ಕೊನೆಗೆ ಅವನೇ ಅಂದ: ನಿಮ್ಮ ಮನೆದೇವರ ಮೇಲೆ ಕೈಯಿಟ್ಟು ಇಲ್ಲ ಅನ್ನಿ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಒಳಗೋಡೆಯ ಗೂಡಿನಲ್ಲಿ ಮುನೇಶ್ವರನಿದ್ದ. ಪಿಳ್ಳಪ್ಪನ ತಾತನ ಕನಸಿನಲ್ಲಿ ಬಂದು ಮನೆ ಸೇರಿದ ದೇವರು. ಮೊಣಕಾಲೆತ್ತರದ ಕಲ್ಲು, ಮೈತುಂಬ ಅರಿಶಿನ. ಮಾವ ಒದ್ದೆ ಪಂಚೆಯಲ್ಲಿ ಬಂದು ಆ ದೇವರ ನೆತ್ತಿಯ ಮೇಲೆ ಕೈಯಿಟ್ಟು ಆಣೆ ಮಾಡಿದರು. ಆ ಕೈ ಎಳ್ಳಷ್ಟೂ ನಡುಗಲಿಲ್ಲ; ಇದು ಸತ್ಯದ ಮನೆ ಎಂದಿತು ಊರು. ಮುಂದೆ ಮನೆಯಲ್ಲಿ ಒಂದು ಕರುವಿಗೂ ಕೇಡಾಗಲಿಲ್ಲ. ಅಲ್ಲಿಗೆ ಸುಳ್ಳುಗಾರ ಅನ್ನಿಸಿಕೊಂಡವನು ಮುನಿಯಲ್ಲಪ್ಪನ ಅಪ್ಪ. ದೇವರಂಥ ಮನೆಯ ಮೇಲೆ ಅಪವಾದ ಹೊರಿಸಿದೆನಲ್ಲ ಎಂದು ಕೊರಗಿ ಕೊರಗಿ ಸತ್ತ. ಸಾಯುವಾಗ ಮಗನಿಂದ ಭಾಷೆ ತೆಗೆದುಕೊಂಡ, ಪ್ರತಿವರ್ಷ ಕಾರ್ತೀಕದ ಕಡೆಯ ಸೋಮವಾರ ಆ ಮುನೇಶ್ವರನಿಗೆ ತಪ್ಪು ಕಾಣಿಕೆಯ ಕಾಯಿ ಒಪ್ಪಿಸಬೇಕೆಂದು.

ಮುನಿಯಲ್ಲಪ್ಪ ಒಂದು ವರ್ಷವೂ ತಪ್ಪಿಸಲಿಲ್ಲ. ಪಿಳ್ಳಪ್ಪನ ಬಾಡಿಗೆ ಮನೆಗಳಿಗೆ ನೀರು ಬಿಡುವುದು ಈಗ ಅವನ ಕೆಲಸ. ಇವತ್ತು ಅದೇ ಸೋಮವಾರ, ಸಂಜೆ ಕೆಫೆಯ ಪೂಜೆ.

“ಅಮ್ಮಾ, ಗೋಡೆ ಎಲ್ಲಾ ಒರಿಜಿನಲ್ ಕಲ್ಲು ಕಾಣ್ತಿದೆ, ದೇವ್ರು ಮಾತ್ರ ಜಿಡ್ಡು ಹಿಡ್ಕೊಂಡ್ ಕೂತಿದೆ,” ಅಂದಿದ್ದ ಯಶವಂತ. “ನೀನ್ ತೊಳೀತೀಯಾ, ನಾನೇ ಪ್ರೆಶರ್ ಪಂಪ್ ಹಿಡೀಲಾ?”

ಮುನೇಶ್ವರನಿಗೆ ನೀರು ಸೋಕಿಸಬಾರದು, ಅರಿಶಿನದ ಮೇಲೆ ಅರಿಶಿನವೇ ಬೀಳಬೇಕು ಎಂಬುದು ಮಾವನ ಕಟ್ಟಪ್ಪಣೆ. ಆದರೆ ಬೈಕು ತೊಳೆಯುವ ಪಂಪಿನಿಂದ ದೇವರನ್ನು ತೊಳೆಯುವ ಮಗನಿಗಿಂತ ತನ್ನ ಕೈಯೇ ವಾಸಿ ಅನ್ನಿಸಿತು ಕೃಷ್ಣಮ್ಮನಿಗೆ. ತಪ್ಪಾಯ್ತು ಕಣಪ್ಪ ಎಂದು ಕೆನ್ನೆ ಬಡಿದುಕೊಂಡು, ಹುಣಸೆಹಣ್ಣು ಕಿವುಚಿ, ಸೀಗೆಪುಡಿ ಹಾಕಿ ಉಜ್ಜಲು ಕೂತಳು. ಅರಿಶಿನ ಹೆಕ್ಕಳೆ ಹೆಕ್ಕಳೆಯಾಗಿ ಎದ್ದು ಬಂತು. ಕೊನೆಯ ಚೆಂಬು ನೀರು ಹುಯ್ದಾಗ ನೆತ್ತಿ ಕಾಣಿಸಿತು.

ನೆತ್ತಿಯ ಮೇಲೆ ಎರಡು ಗೀರು, ಒಂದನ್ನೊಂದು ಅಡ್ಡ ಹಾಯ್ದಂಥವು. ಉಳಿಯಿಂದ ಕೊರೆದಂಥವು.

ಕೃಷ್ಣಮ್ಮ ಚೆಂಬು ಕೆಳಗಿಟ್ಟಳು. ಚಿಕ್ಕಬಾಣಾವರದ ತವರಿನ ಹೊಲದ ಮೂಲೆಯಲ್ಲಿ ಇಂಥದೇ ಕಲ್ಲಿತ್ತು, ಇಂಥದೇ ಗೀರಿತ್ತು. ದನ ಮೇಯಿಸುವಾಗ ಅದರ ಮೇಲೆ ಕೂತು ಕಡಲೆಕಾಯಿ ಸುಲಿದವಳು ಅವಳು. ಬಾಂದು ಕಲ್ಲನ್ನು ಗುರುತಿಸಲು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇರೆ ಯಾವುದಾದರೂ ಕಲ್ಲಿರಬಹುದು, ಇರಲಿ ದೇವರೇ ಅಂದುಕೊಂಡಳು. ಯಾವ ದೇವರಿಗೆ ಅಂದೆನೆಂದು ಹೊಳೆದದ್ದೇ ಗಂಡನನ್ನು ಕೂಗಿದಳು.

ಪಿಳ್ಳಪ್ಪ ಬಂದು ಕಲ್ಲನ್ನು ನೋಡಿದ. ಹೌಹಾರಲಿಲ್ಲ, ಬೈಯಲಿಲ್ಲ. ಹಿಂದಕ್ಕೆ ಹೋಗಿ ಬಾಗಿಲು ಮುಚ್ಚಿ ಬಂದ.

“ನೀರ್ ಸೋಕಿಸ್ಬ್ಯಾಡ ಅಂತ ಅಪ್ಪ ಏಳಿರ್ಲಿಲ್ವಾ?”

“ನಿಮಗ್ ಗೊತ್ತಿತ್ತಾ?”

“ಸಾಯೋ ಮುಂಚೆ ಅಪ್ಪ ಏಳಿದ್ರು. ಕಿತ್ತಿದ್ದು ತಾತ. ಎಲ್ಲಿ ಬಚ್ಚಿಟ್ರೂ ಸಿಕ್ಕೇ ಸಿಗ್ತದೆ, ದೇವ್ರು ಮಾಡಿದ್ರೆ ಯಾವನೂ ಮುಟ್ಟಲ್ಲ ಅಂತ ಇಲ್ಲಿಟ್ರು.”

“ಮಾವ ಇದ್ರ ಮೇಲೇ ಕೈಯಿಟ್ಟು ಆಣೆ ಮಾಡಿದ್ರಲ್ರೀ.”

“ಕಲ್ಲು ಅಂತ ಗೊತ್ತಿದ್ಮೇಲೆ ಕೈಯಿಡಕ್ಕೆ ಭಯ ಏನು? ಅರಿಶಿನ ಕಲಸು. ಮುನಿಯಲ್ಲಪ್ಪ ಬರೋ ಒತ್ತಾಯ್ತು.”

ಅವಳಿಗೆ ಕಲ್ಲು ಕೊಟ್ಟ ಪೆಟ್ಟು ಒಂದು. ಈ ಮನುಷ್ಯ ಉಪ್ಪಿಲ್ಲ, ಬೇಳೆಯಿಲ್ಲ ಅನ್ನುವಷ್ಟು ಸಲೀಸಾಗಿ ಮಾತಾಡಿದ್ದು ಅದಕ್ಕಿಂತ ದೊಡ್ಡ ಪೆಟ್ಟು. ಮಾವ ತೀರಿಕೊಂಡ ಮೇಲೆ ಯಶವಂತನಿಗೆ ವಿಷಮಜ್ವರ ಬಂದಾಗ ಇದೇ ಗೂಡಿನ ಮುಂದೆ ಅವಳು ರಾತ್ರಿಯೆಲ್ಲ ಬೋರಲು ಬಿದ್ದಿದ್ದಳು. ಆಗಲೂ ಇವನು ಪಕ್ಕದಲ್ಲಿ ಕೈಮುಗಿದು ನಿಂತಿದ್ದ. ಗೊತ್ತಿದ್ದೂ ನಿಂತಿದ್ದ. ಇಷ್ಟು ವರ್ಷ ಯಾರ ಜೊತೆ ಬಾಳಿದೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಆದರೂ ಅಭ್ಯಾಸದ ಕೈ ಬಟ್ಟಲು ತೆಗೆದು ಅರಿಶಿನ ಕಲಸತೊಡಗಿತು.

ಬಾಗಿಲು ತಟ್ಟಿದ ಸದ್ದಾಯಿತು. ಪಿಳ್ಳಪ್ಪ ಗೂಡಿಗೆ ಅಡ್ಡವಾಗಿ ನಿಂತು, ಬಾ ಅಂದ.

ಮುನಿಯಲ್ಲಪ್ಪ ಎಂದಿನಂತೆ ಹೊಸಿಲಾಚೆಯೇ ನಿಂತ. ಒಗೆದ ಅಂಗಿ, ಎರಡೂ ಕೈಯಲ್ಲಿ ಕಾಯಿ. “ಅತ್ಗೆ, ಕಾಯಿ ತಗಳಿ. ನಮ್ಮಪ್ಪನ ತಪ್ಪ ಒಟ್ಟೆಗಾಕ್ಕೊಳ್ಳಿ.”

ಪ್ರತಿವರ್ಷದ ಅದೇ ಮಾತು. ಪ್ರತಿವರ್ಷ ಅವಳು, ಆಯ್ತು ಬಿಡಪ್ಪ, ದೇವರು ದೊಡ್ಡವನು ಎಂದು ಕಾಯಿ ಇಸಿದುಕೊಳ್ಳುತ್ತಿದ್ದಳು. ಕ್ಷಮಿಸಿದವಳ ದೊಡ್ಡಸ್ತಿಕೆಯೂ ಸ್ವಲ್ಪ ಇರುತ್ತಿತ್ತು. ಅದು ನೆನಪಾಗಿ ನಾಚಿಕೆಯಿಂದ ಅವಳ ಮುಖ ಸುಟ್ಟಂತಾಯಿತು. ಇವತ್ತು ಈ ಕಾಯಿ ಇಸಿದುಕೊಂಡರೆ ಕಲ್ಲು ಕಿತ್ತವರಲ್ಲಿ ತಾನೂ ಒಬ್ಬಳು.

“ತಗಳ್ಳೇ,” ಅಂದ ಪಿಳ್ಳಪ್ಪ ಮೆಲ್ಲಗೆ.

ಅವಳು ಅರಿಶಿನದ ಬಟ್ಟಲನ್ನು ನೆಲಕ್ಕಿಟ್ಟಳು. “ಪಕ್ಕಕ್ ಬನ್ರೀ,” ಎಂದು ಗಂಡನ ತೋಳು ಹಿಡಿದು ಸರಿಸಿದಳು. “ಒಳೀಕ್ ಬಾ, ಮುನಿಯಲ್ಲಪ್ಪ. ಇದ್ರ ನೆತ್ತಿ ಮುಟ್ಟಿ ನೋಡು.”

ಮುನಿಯಲ್ಲಪ್ಪ ಹೆದರಿದ. ಪಿಳ್ಳಪ್ಪನ ಮುಖ ನೋಡಿದ, ಕೃಷ್ಣಮ್ಮನ ಮುಖ ನೋಡಿದ. ಮೊದಲ ಸಲ ಆ ಹೊಸಿಲು ದಾಟಿ ಬಂದು, ಕಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು, ಒದ್ದೆ ಕಲ್ಲಿನ ಮೇಲೆ ಅಂಗೈಯಿಟ್ಟ. ಬೆರಳು ಒಂದು ಗೀರಿನ ಗುಂಟ ಹೋಯಿತು, ಇನ್ನೊಂದರ ಗುಂಟ ವಾಪಸು ಬಂತು. ಅವನೂ ಹೊಲದಲ್ಲಿ ಬೆಳೆದವನೇ.

ಅವನು ಹೊಲದ ಮಾತೆತ್ತಲಿಲ್ಲ, ಅದರ ಮೇಲೆ ಎದ್ದಿದ್ದ ಬಾಡಿಗೆ ಮನೆಗಳ ಮಾತೂ ಎತ್ತಲಿಲ್ಲ. ಒಂದೇ ಒಂದು ಮಾತು ಕೇಳಿದ.

“ಅತ್ಗೆ, ಅಂಗಾದ್ರೆ ನಮ್ಮಪ್ಪ ಸುಳ್ಳೇಳಿರ್ಲಿಲ್ವಾ?”

“ಇಲ್ಲ ಕಣಪ್ಪ,” ಅಂದಳು ಕೃಷ್ಣಮ್ಮ. “ಸುಳ್ಳೇಳಿದ್ದು ಈ ಮನೆ.”

ಮುನಿಯಲ್ಲಪ್ಪ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಆ ಕಲ್ಲಿನ ಪಕ್ಕದಲ್ಲೇ ಕುಸಿದು ಕೂತ. ಹೊರಗೆ ಏಣಿಯ ಮೇಲಿಂದ ಯಶವಂತ, ಬೋರ್ಡು ನೇರವಾಗಿದೆಯಾ ಬಂದು ನೋಡಮ್ಮ ಎಂದು ಕೂಗುತ್ತಿದ್ದ.