ಎದೆಯ ಘಾಟು

ಬ್ಯಾಡಗಿಯಲ್ಲಿ ಎದೆ ಉರಿದರೆ ಯಾರೂ ಹೆದರುವುದಿಲ್ಲ. ಮೆಣಸಿನಕಾಯಿ ಚೀಲ ಬಿಚ್ಚಿದಾಗ ಏಳುವ ಘಾಟು ಮೂಗು, ಗಂಟಲು, ಎದೆ ಯಾವುದನ್ನೂ ಬಿಡುವುದಿಲ್ಲ. ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು, ನಾಲ್ಕು ಸಲ ಕೆಮ್ಮಿ, ಜನ ಮತ್ತೆ ಕೆಲಸಕ್ಕೆ ಹತ್ತುತ್ತಾರೆ. ಹಾಗಾಗಿ ಶಿವರಾತ್ರಿ ಕಳೆದ ಮೇಲೆ ದಲಾಲಿ ರುದ್ರಮುನಿಗೆ ಎದೆಯ ನಡುವೆ ಉರಿ ಶುರುವಾದಾಗ ಅವನೂ ಬೆಲ್ಲವನ್ನೇ ಹುಡುಕಿದ.

ಅವನ ಚಿಂತೆ ಬೇರೆ ಇತ್ತು, ಎದೆಯಿಂದ ಒಂದು ಮೊಳ ಕೆಳಗೆ.

ವಯಸ್ಸು ನಲವತ್ತೆಂಟು. ಹತ್ತು ತಿಂಗಳಿಂದ ಹೆಂಡತಿ ಸುರೇಖಾಳ ಬಳಿ ಹೋದಾಗೆಲ್ಲ ಮೈ ಅವನ ಮಾತು ಕೇಳುತ್ತಿರಲಿಲ್ಲ. ಅವಳು ಒಂದು ದಿನವೂ ಆಡಿ ತೋರಿಸಲಿಲ್ಲ. "ಇರ್ಲಿ ಬಿಡ್ರಿ, ದಣದೀರಿ" ಎಂದು ಹೊದಿಕೆ ಎಳೆದುಕೊಳ್ಳುತ್ತಿದ್ದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ 'ಇರ್ಲಿ ಬಿಡ್ರಿ' ಮಾತ್ರ ಅವನನ್ನು ಒಳಗಿನಿಂದ ತಿಂದು ಹಾಕಿತು. ಇಪ್ಪತ್ತು ವರ್ಷ ಜೊತೆಗಿದ್ದವಳು ಇನ್ನು ತನ್ನನ್ನು ಕರುಣೆಯಿಂದ ನೋಡುತ್ತಾಳೆ ಎಂಬ ನಾಚಿಕೆ ಅವನ ನಿದ್ದೆ ಕೆಡಿಸಿತು.

ಬ್ಯಾಡಗಿಯಲ್ಲಿ ಎಲ್ಲರೂ ಗುರುತಿನವರೇ. ಅದಕ್ಕೇ ರಾಣೇಬೆನ್ನೂರಿಗೆ ಹೋಗಿ ಡಾಕ್ಟರ್ ಸರ್ಫರಾಜರ ಮುಂದೆ ಕೂತ. ಫೋನಿನಲ್ಲಿ ನೋಡಿದ ಜಾಹೀರಾತಿನ ಮಾತು ತೆಗೆದ. ತನ್ನದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ತನಗೇ ಚುಚ್ಚುವ ಇಂಜೆಕ್ಷನ್ ಅದು.

"ಮ್ಯಾಲ ನಿಲ್ಲೋ ಹಳದಿ ನೀರು ಚುಚ್ಚತಾರ್ರಿ, ಅದರಾಗ ಪ್ಲೇಟ್‌ಲೆಟ್ ಇರ್ತಾವ" ಎಂದರು ಡಾಕ್ಟರು. "ಕೆಲವರಿಗೆ ಅಷ್ಟಿಷ್ಟು ಅನುಕೂಲ ಆಗೇತಿ ಅಂತಾರ. ಬರೀ ಉಪ್ಪುನೀರು ಚುಚ್ಚಿದವರಿಗೂ ಅಷ್ಟ ಆಗೇತಿ ಅಂತ ಪರೀಕ್ಷಾ ಮಾಡಿ ನೋಡಿದವರೂ ಅದಾರ. ಆಗಬಹುದು, ಆಗದನೂ ಇರಬಹುದು. ಗ್ಯಾರಂಟಿ ಅಂದವರನ್ನ ನಂಬಬ್ಯಾಡ್ರಿ."

ರುದ್ರಮುನಿಯ ಮುಖ ಬಾಡಿತು. ಡಾಕ್ಟರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ನನಗ ಅದಕ್ಕಿಂತ ಬ್ಯಾರೆ ಚಿಂತಿ ಐತಿ. ಅಲ್ಲಿನ ರಕ್ತನಾಳ ಭಾಳ ಸಣ್ಣವು. ಕಟ್ಟಿಕೊಳ್ಳಾಕ ಹತ್ತಿದ್ರ ಎಷ್ಟೋ ಮಂದಿಗೆ ಮೊದಲ ಗೊತ್ತಾಗೋದು ಅಲ್ಲೇ. ಎದಿದು ಆಮ್ಯಾಲ. ಮೆಟ್ಟಲಾ ಹತ್ತುವಾಗ ಎದಿ ಹಿಡಿತೈತೇನು?"

"ಉರಿತೈತ್ರಿ. ಅದು ಘಾಟು ಬಿಡ್ರಿ ಸಾಹೇಬ್ರ, ನಾವು ಬ್ಯಾಡಗಿಯವರು."

"ಘಾಟಿಗೆ ಕೆಮ್ಮು ಬರ್ತೈತಿ. ನಿಮಗ ಕೆಮ್ಮು ಐತೇನು?"

ಡಾಕ್ಟರು ಇಸಿಜಿ, ಸಕ್ಕರೆ, ಕೊಬ್ಬು ಎಂದು ಚೀಟಿ ಬರೆದು, "ನಾಳೀನ ಮಾಡಸ್ರಿ" ಎಂದು ಕೈಗೆ ಕೊಟ್ಟರು. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಸೇರಿಸಿದ. ಕೇಳಲು ಹೋದದ್ದೊಂದು, ಹೇಳಿಸಿಕೊಂಡದ್ದೊಂದು. ನಾಳೆ ಎಂಬುದು ಯುಗಾದಿ ಹತ್ತಿರ ಬಂದರೂ ಬರಲಿಲ್ಲ.

ಅವನು ಹೋದದ್ದು ಹಾವೇರಿಗೆ, ಜಾಹೀರಾತಿನ ಕ್ಲಿನಿಕ್ಕಿಗೆ. ಬಿಳಿ ಕೋಟು ತೊಟ್ಟ ಮೈಲೇಶ ನಗುನಗುತ್ತ ಬರಮಾಡಿಕೊಂಡ. ಗೋಡೆಯ ತುಂಬ ಪ್ರಮಾಣಪತ್ರಗಳಿದ್ದವು. ಓದುವಷ್ಟು ಹತ್ತಿರ ರುದ್ರಮುನಿ ಹೋಗಲಿಲ್ಲ.

"ಮೂರ ಸೂಜಿ. ಗ್ಯಾರಂಟಿ" ಎಂದ ಮೈಲೇಶ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಒಣಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ, ಬೀಜ ಗಿಲಗಿಲ ಎನ್ನದಿದ್ದರೆ "ತೂಕಕ್ಕ ನೀರು ಹೊಡದೀರಿ" ಎಂದು ರೈತನ ಮುಖಕ್ಕೇ ಹೇಳುತ್ತಿದ್ದ ಮನುಷ್ಯ, ಮೈಲೇಶನ ಮಾತನ್ನು ಒಮ್ಮೆಯೂ ಅಲುಗಾಡಿಸಿ ನೋಡಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನಲ್ಲಿ ಬಿತ್ತಂತೆ.

"ನೀವು ಇಲ್ಲಿಗೆ ಬಂದದ್ದು ಗ್ವಾಡಿಗೂ ಗೊತ್ತಾಗಂಗಿಲ್ಲ. ಹೆಸರು?"

"ಗುಡದಪ್ಪ."

"ಊರು?"

"ಮೋಟೆಬೆನ್ನೂರು."

ನಾಲಿಗೆ ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಕಂಡು ಅವನಿಗೇ ಒಂದು ನಮೂನೆ ಹಗುರಾಯಿತು. ನಾಚಿಕೆಯೆಲ್ಲ ಆ ಗುಡದಪ್ಪನ ತಲೆಗೆ ಕಟ್ಟಿದ್ದ.

ಮೊದಲ ಸೂಜಿಯಾದ ವಾರ ಸ್ವಲ್ಪ ಆಸೆ ಹುಟ್ಟಿತು. ಎರಡನೆಯದಕ್ಕೆ ಅದೂ ಹೋಯಿತು. "ಮೂರನೇದ್ದಕ್ಕ ಹಿಡಿತೈತಿ, ತಡೀರಿ" ಎಂದ ಮೈಲೇಶ. ಉರಿ ಈಗ ಎಡಗೈಗೂ ಇಳಿಯತೊಡಗಿತ್ತು. ಅದನ್ನು ಹೇಳಿದರೆ, "ರಕ್ತ ತಗದ ಕೈ ಅಲ್ಲೇನ್ರಿ ಅದು? ನೋಯದ ಏನು ಮಾಡೀತು!" ಎಂದು ನಕ್ಕ. ಖರೇ ಅನ್ನಿಸಿತು. ನಂಬಬೇಕು ಎಂದು ಹೊರಟವನಿಗೆ ಎಲ್ಲವೂ ಖರೇ ಅನ್ನಿಸುತ್ತದೆ.

ಮೂರನೆಯ ಸೂಜಿಯ ಬೆಳಿಗ್ಗೆ ಸುರೇಖಾ ಚಹಾ ತಂದಿಟ್ಟು ಅಲ್ಲೇ ನಿಂತಳು.

"ಎದಿ ಯಾಕ ತಿಕ್ಕೊಳ್ಳಾಕತ್ತೀರಿ?"

"ಘಾಟು."

"ಯುಗಾದಿ ಸೂಟಿ. ಮಾರ್ಕೆಟ್ ಬಂದ್ ಆಗಿ ನಾಕ ದಿನಾ ಆತು. ಯಾವ ಘಾಟ್ರಿ?"

ಅವನು ಚಹಾ ಬಟ್ಟಲಲ್ಲಿ ಕಣ್ಣು ನೆಟ್ಟ. "ಹಳೇದು ಇರತೈತಿ. ಕಾಗಿನೆಲಿಗೆ ಹೋಗಿ ಬರ್ತೇನಿ, ಒಬ್ಬಾಂವ ಮಾಲು ತೋರಿಸ್ತೇನಿ ಅಂದಾನ."

"ನಿಮ್ಮ ಮುಖ ನನಗ ಸರಿ ಕಾಣವಲ್ದು" ಎಂದಳು ಸುರೇಖಾ. ಅವಳ ದನಿಯಲ್ಲಿ ಕರುಣೆ ಇರಲಿಲ್ಲ, ಹೆದರಿಕೆ ಇತ್ತು. ಅದು ಅವನಿಗೆ ಕೇಳಿಸಲಿಲ್ಲ. "ಹನ್ನೆರಡಕ್ಕ ಫೋನ್ ಮಾಡ್ರಿ. ಮಾಡಲಿಲ್ಲಂದ್ರ ನಾನ ಕಾಗಿನೆಲಿಗೆ ಬಂದು ಕರಕೊಂಡು ದವಾಖಾನಿಗೆ ಹೊಕ್ಕೇನಿ. ಹೇಳೇನಿ ಈಗ."

ಹಾವೇರಿಯಲ್ಲಿ ಗಿರಾಕಿಗಳು ಹೆಚ್ಚಿದ್ದರು. ಅವನ ಪಾಳಿ ಬರುವ ಹೊತ್ತಿಗೆ ಹನ್ನೆರಡು ದಾಟಿತ್ತು. ಕ್ಲಿನಿಕ್ಕಿನ ನಿಯಮದಂತೆ ಫೋನ್ ಬಂದ್ ಮಾಡಿ, ಸರ್ಫರಾಜರ ಚೀಟಿ ಇನ್ನೂ ಇದ್ದ ಅಂಗಿಯ ಜೇಬಿಗಿಟ್ಟಿದ್ದ, ಅಂಗಿಯನ್ನು ಗೂಟಕ್ಕೆ ಹಾಕಿದ್ದ. ರಕ್ತ ತೆಗೆದಾಗಿತ್ತು. ಮೂಲೆಯ ಯಂತ್ರ ಅದನ್ನು ತಿರುಗಿಸುತ್ತ ಗುಂಯ್ ಎನ್ನುತ್ತಿತ್ತು.

ಆಗ ಎದೆ ಹತ್ತಿಕೊಂಡಿತು.

ಹಿಂದೆಂದೂ ಹೀಗಿರಲಿಲ್ಲ. ಒಂದರ ಮೇಲೊಂದು ಒಟ್ಟಿದ ಚೀಲದ ಥಪ್ಪಿಯೇ ಎದೆಯ ಮೇಲೆ ಕುಸಿದಂತಾಯಿತು. ರೂಢಿಯಂತೆ ಅವನು ಮೂಗೆಳೆದು ವಾಸನೆ ಹುಡುಕಿದ. ಬಂದದ್ದು ಫಿನಾಯಿಲ್ ವಾಸನೆ, ಸ್ಪಿರಿಟ್ಟಿನ ವಾಸನೆ. ಇಡೀ ಕೋಣೆಯಲ್ಲಿ ಒಂದೂ ಮೆಣಸಿನಕಾಯಿ ಇರಲಿಲ್ಲ. ಕೆಮ್ಮಲು ನೋಡಿದ, ಕೆಮ್ಮು ಬರಲಿಲ್ಲ. ಇಸಿಜಿ ಚೀಟಿ ಬರೆಯುತ್ತಿದ್ದ ಸರ್ಫರಾಜರ ಕೈ ಕಣ್ಣ ಮುಂದೆ ಬಂತು. ಜೀವನದಲ್ಲಿ ಮೊದಲ ಸಲ ರುದ್ರಮುನಿಗೆ ಸಾವಿನ ಹೆದರಿಕೆ ಹುಟ್ಟಿತು.

"ಅಂಗಿ... ಜೇಬಿನ್ಯಾಗ ಚೀಟಿ..."

"ಗುಡದಪ್ನೋರ, ಎರಡ ಸೂಜಿ ತಗೊಂಡವರು ಮೂರನೇದ್ದಕ್ಕ ಹೆದರತಾರೇನ್ರಿ?" ಎಂದು ತಿರುಗಿದ ಮೈಲೇಶ ಅವನ ಬೆವರು, ಬೂದಿ ಬಣ್ಣಕ್ಕೆ ತಿರುಗಿದ ಮುಖ ನೋಡಿ ಹಿಂದೆ ಸರಿದ. ಆಂಬುಲೆನ್ಸಿಗೆ ಫೋನು ಹಚ್ಚಿದ. "ಗುಡದಪ್ಪ ಅಂತ್ರಿ, ಮೋಟೆಬೆನ್ನೂರು. ಇಲ್ರಿ, ಮನಿಯವರು ಯಾರೂ ಬಂದಿಲ್ಲ. ನಂಬರ್ ಇಲ್ರಿ."

ರುದ್ರಮುನಿ ಬಾಯಿ ತೆರೆದ. ತನ್ನ ಹೆಸರು ಹೇಳಬೇಕಿತ್ತು. ಸುರೇಖಾ ಬೇಕಿತ್ತು, ಅವಳು 'ಇರ್ಲಿ ಬಿಡ್ರಿ' ಎನ್ನುವುದನ್ನು ಇನ್ನೊಂದೇ ಸಲ ಕೇಳಬೇಕಿತ್ತು. "ರು" ಎಂಬುದೊಂದು ಹೊರಬಿತ್ತು, ಮುಂದಿನದಕ್ಕೆ ಉಸಿರು ಸಾಲಲಿಲ್ಲ.

ಸ್ಟ್ರೆಚರ್ ಹೊರಟಾಗ ಅಂಗಿ ಗೂಟದಲ್ಲೇ ಇತ್ತು. ಆಂಬುಲೆನ್ಸಿನವನು ಬಾಗಿ, "ಗುಡದಪ್ಪಾ, ಕಣ್ಣ ತಗೀರಿ, ಗುಡದಪ್ಪಾ" ಎಂದು ಕೂಗುತ್ತಿದ್ದ. ಯಾರನ್ನೋ ಕರೆಯುತ್ತಿದ್ದಾನೆ ಎಂದುಕೊಂಡ ರುದ್ರಮುನಿ. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆಯಾಗಿತ್ತು. ಸುರೇಖಾ ಹೇಳಿದಂತೆ ಮಾಡುವ ಹೆಂಗಸು. ಅಷ್ಟು ಹೊತ್ತಿಗೆ ಅವಳು ಕಾಗಿನೆಲೆಯ ಬಸ್ಸು ಹತ್ತಿರುತ್ತಾಳೆ.