ಕುರ್ಚಿಯ ನಡಿಗೆ

ಸಿನಿಮಾ ಶುರುವಾಗುವುದು ಸಂಜೆಗೆ. ಅಪ್ಪ ಮಧ್ಯಾಹ್ನದ ಊಟ ಮುಗಿಸಿ, ಕೈ ಒರೆಸಿಕೊಂಡವನೇ ಹೊರಟು ನಿಂತ.

“ಅಲ್ಲಪ್ಪಾ, ಬಾಗಿಲು ತೆಗೆಯೋರೂ ಇನ್ನೂ ಬಂದಿರಲ್ಲ,” ಎಂದಳು ಪುಟ್ಟಿ.

“ಅವರು ಬರೋ ಹೊತ್ತಿಗೆ ನಾವಿರ್ತೀವಲ್ಲ, ಬಿಡು.”

ಪುಟ್ಟಿ ಎಂದರೆ ಚಿಕ್ಕ ಹುಡುಗಿಯೇನಲ್ಲ. ಅನಿಮೇಶನ್ ಕಾಲೇಜಿನಲ್ಲಿ ಕೊನೆಯ ವರ್ಷ ಮುಗಿಸಿದವಳು. ಆಳು ಇಷ್ಟೆತ್ತರ ಬೆಳೆದರೂ ಮನೆಯಲ್ಲಿ ಹೆಸರು ಮಾತ್ರ ಬೆಳೆದಿರಲಿಲ್ಲ. ವಿದ್ಯಾರ್ಥಿಗಳೇ ಮಾಡಿದ ಪುಟ್ಟ ಪುಟ್ಟ ಚಿತ್ರಗಳ ಉತ್ಸವಕ್ಕೆ ಅವಳದ್ದೂ ಆಯ್ಕೆಯಾಗಿತ್ತು. ಕುಣಿದಾಡಬೇಕಾದ ಹುಡುಗಿ, ಊಟ ಸೇರದೆ ಒದ್ದಾಡುತ್ತಿದ್ದಳು. ಯಾಕೆಂದರೆ ಆ ಚಿತ್ರದೊಳಗೆ ಅಪ್ಪ ಇದ್ದ. ಅದು ಅಪ್ಪನಿಗೇ ಗೊತ್ತಿರಲಿಲ್ಲ.

ಅಪ್ಪನದು ಟೇಲರ್ ಕೆಲಸ. ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಗಿರಾಕಿಗಳು ಬರುವ ಮೊದಲೇ ಮೆಷಿನ್ನಿನ ಮುಂದೆ ಕೂತಿರುತ್ತಿದ್ದ, ಕೊನೆಯವರು ಹೋದ ಮೇಲೆ ಏಳುತ್ತಿದ್ದ. ಅಳತೆ ಕೊಡುವವರೇ ಅವನ ಸುತ್ತ ತಿರುಗಬೇಕು. ಬೀದಿಯಲ್ಲಿ ಯಾರಾದರೂ ಜೊತೆಯಾದರೆ “ನೀವು ಮುಂದೆ ನಡೀರಿ, ನಾ ಬಂದೆ” ಎಂದು ಸಾಗಹಾಕುತ್ತಿದ್ದ. ಮದುವೆಯ ದಿನವೂ ಅಮ್ಮನನ್ನೇ ಮುಂದೆ ಬಿಟ್ಟನಂತೆ. “ನಾನೇನು ಹಾದಿ ಗೊತ್ತಿದ್ದೋಳಾ? ಎರಡು ಸಲ ಬೇರೆ ಮನೆ ಬಾಗಿಲಿಗೆ ಹೋಗಿ ನಿಂತೆ ನೋಡು,” ಎಂದು ಅಮ್ಮ ಈಗಲೂ ಹಂಗಿಸುತ್ತಾಳೆ. ಆದರೆ ನಗು ನಿಂತ ಮೇಲೆ ಒಮ್ಮೆ ಅವಳೇ ಹೇಳಿದ್ದಳು: ಅಪ್ಪ ಶಾಲೆಗೆ ಹೋಗುವಾಗ ಹುಡುಗರು ಹಿಂದೆ ಸಾಲುಗಟ್ಟಿ, ಅವನಂತೆಯೇ ಕುಂಟುತ್ತ ಬರುತ್ತಿದ್ದರಂತೆ. ಇಡೀ ಬೀದಿ ನಗುತ್ತಿತ್ತಂತೆ. ಅಂದಿನಿಂದ ಬೆನ್ನ ಹಿಂದೆ ಯಾರು ಬಂದರೂ ಅವನಿಗಾಗದು.

ಪುಟ್ಟಿಯ ಚಿತ್ರದ ನಾಯಕ ಒಂದು ಮರದ ಕುರ್ಚಿ. ಒಂದು ಕಾಲು ಗಿಡ್ಡ ಎಂದು ಮನೆಯವರು ಬೀದಿಗೆ ಹಾಕಿದ್ದಾರೆ. ಅಲ್ಲಾಡದೆ ನಿಲ್ಲುವ ಜಾಗ ಹುಡುಕುತ್ತ ಅದು ಊರೆಲ್ಲ ಅಲೆಯುತ್ತದೆ. ಕಣ್ಣಿಲ್ಲ, ಬಾಯಿಲ್ಲ. ಏನು ಹೇಳುವುದಿದ್ದರೂ ನಡಿಗೆಯಲ್ಲೇ ಹೇಳಬೇಕು. ತಿಂಗಳುಗಟ್ಟಲೆ ಬಿಡಿಸಿದರೂ ಅದಕ್ಕೆ ಜೀವ ಬರಲಿಲ್ಲ. “ಬರೀ ಅಳುಮುಂಜಿ ಕುರ್ಚಿ ಮಾಡಿದೀಯಲ್ಲಮ್ಮ. ಕುಂಟೋರೆಲ್ಲ ಅಳ್ತಾನೇ ನಡೀತಾರಾ?” ಎಂದರು ಮೇಷ್ಟ್ರು.

ಹಾಗಾಗಿ ಒಂದು ಬೆಳಗ್ಗೆ ಅವಳು ಅಪ್ಪನ ಹಿಂದೆ ಹೋದಳು. ಕಳ್ಳಿಯ ಹಾಗೆ, ಗೋಡೆಯ ಮರೆಯಲ್ಲಿ. ಅಂಗಡಿಗೆ ಹೋಗುವ ಓಣಿ ಬಿಕೋ ಎನ್ನುತ್ತಿತ್ತು. ಅಲ್ಲಿ ನಡೆಯುತ್ತಿದ್ದವನು ಅವಳಿಗೆ ಗೊತ್ತಿದ್ದ ಅಪ್ಪನೇ ಅಲ್ಲ! ಚೀಲ ಬೀಸುತ್ತ, ಏನೋ ಗುನುಗುತ್ತ ಹೋಗುತ್ತಿದ್ದ. ಗಿಡ್ಡ ಕಾಲು ಗಾಳಿಯಲ್ಲಿ ಅರ್ಧ ಸುತ್ತು ಹೊಡೆದು ನೆಲ ಮುಟ್ಟುತ್ತಿತ್ತು. ಫುಟ್‌ಪಾತ್ ಮುಗಿದಲ್ಲಿ ಒಂದು ಕ್ಷಣ ನಿಂತು, ಆಚೀಚೆ ನೋಡಿ, ಟಣ್ಣನೆ ಹಾರಿದ. ಪುಟ್ಟಿಗೆ ನಗುವೂ ಬಂತು, ಅಳುವೂ ಬಂತು. ಮನೆಗೆ ಓಡಿಬಂದು ಹಳೆಯ ಹಾಳೆಗಳನ್ನೆಲ್ಲ ಬದಿಗೆಸೆದು ಮೊದಲಿನಿಂದ ಬಿಡಿಸಿದಳು. ಚಿತ್ರ ಮುಗಿದ ಮೇಲೆಯೇ ಅವಳಿಗೆ ಚುರುಕ್ಕೆಂದದ್ದು: ಆ ಹುಡುಗರು ಮಾಡಿದ್ದನ್ನೇ ತಾನೂ ಮಾಡಿದ್ದೇನೆ. ಅಪ್ಪನ ಬೆನ್ನಿಗೆ ಬಿದ್ದು, ಅವನ ಕುಂಟನ್ನು ನಕಲು ಮಾಡಿ, ಊರಿಗೆಲ್ಲ ತೋರಿಸಲು ಹೊರಟಿದ್ದೇನೆ. ಹೇಳಿಬಿಡಬೇಕೆಂದು ಎಷ್ಟು ಸಲ ಬಾಯಿ ತೆರೆದಳೋ. ಪ್ರತಿ ಸಲ ಅಪ್ಪ “ಏನ್ ಪುಟ್ಟಿ?” ಎಂದು ತಲೆಯೆತ್ತಿದ ಕೂಡಲೇ ನಾಲಿಗೆ ಹಿಂದಕ್ಕೆ ಹೋಗುತ್ತಿತ್ತು.

ಅಂತೂ ಸಂಜೆಯಾಗಿ ಸಭಾಂಗಣ ತುಂಬಿತು. ಅಪ್ಪ ಅಂಚಿನ ಸೀಟಿನಲ್ಲಿ, ಪಕ್ಕದಲ್ಲಿ ಪುಟ್ಟಿ, ಆಚೆಗೆ ಅಮ್ಮ. ದೀಪ ಆರಿತು. ಯಾರೋ ಮಾಡಿದ ಮೀನಿನ ಚಿತ್ರ ಬಂತು, ಅಳುವ ಮೋಡದ ಚಿತ್ರ ಬಂತು. ಅಪ್ಪ ಪ್ರತಿಯೊಂದಕ್ಕೂ ಚಪ್ಪಾಳೆ ತಟ್ಟಿದ. “ನಿಂದು ಯಾವಾಗೇ?” ಎಂದು ಮತ್ತೆ ಮತ್ತೆ ಕೇಳಿದ, ಪಾಪ.

ಬಂತು. ಕುರ್ಚಿ ಬೀದಿಗೆ ಬಿತ್ತು, ಎದ್ದಿತು, ಒಂದು ಹೆಜ್ಜೆ ಇಟ್ಟಿತು. ಅಮ್ಮ ಪುಟ್ಟಿಯ ತೊಡೆ ಚಿವುಟಿದಳು. “ಅಯ್ಯೋ ನಿನ್ನ! ಇದು…” ಎಂದವಳು ಮುಂದಿನದನ್ನು ನುಂಗಿಕೊಂಡಳು. ಅಪ್ಪನ ಚಪ್ಪಾಳೆಯ ಕೈಗಳು ಮಡಿಲಿಗೆ ಇಳಿದಿದ್ದವು. ಅವನ ಮುಖ ನೋಡುವ ಧೈರ್ಯ ಪುಟ್ಟಿಗೆ ಬರಲಿಲ್ಲ.

ತೆರೆಯ ಮೇಲೆ ಕುರ್ಚಿ ಬೆನ್ನು ತಿರುಗಿಸಿ ಹೊರಟಿತು. ಕಾಲು ಅರ್ಧ ಸುತ್ತು ಹೊಡೆಯಿತು. ಫುಟ್‌ಪಾತಿನ ಅಂಚಿಗೆ ಬಂದು, ನೋಡುವವರ ಹಾಗೆ ಆಚೀಚೆ ತಿರುಗಿ ಟಣ್ಣನೆ ಹಾರಿತು. ಸಭಾಂಗಣವಿಡೀ ಘೊಳ್ಳೆಂದು ನಕ್ಕಿತು.

ಪುಟ್ಟಿಗೆ ಕೇಳಿಸಿದ್ದು ಅದೇ ನಗು! ಅಪ್ಪ ಇಷ್ಟು ವರ್ಷ ತಪ್ಪಿಸಿಕೊಂಡು ಬಂದ ನಗುವನ್ನು ತಾನೇ ಟಿಕೆಟ್ ಕೊಟ್ಟು ಕರೆತಂದು ಕೇಳಿಸಿದೆನಲ್ಲ! ಆದರೆ ಮುಂದಿನ ಸಾಲಿನಲ್ಲಿದ್ದ ಒಂದು ಮಗು “ಇನ್ನೊಂದ್ಸಲ ಹಾರು, ಕುರ್ಚಿ!” ಎಂದು ಕೂಗಿತು. ಕುರ್ಚಿ ಹಾರಿತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಕೊನೆಗೆ ಒಂದು ಇಳಿಜಾರಿನ ಬೀದಿಯಲ್ಲಿ ಆ ಗಿಡ್ಡ ಕಾಲು ನೆಲಕ್ಕೆ ಸರಿಯಾಗಿ ಕೂತು, ಕುರ್ಚಿ ಅಲ್ಲಾಡದೆ ನಿಂತಾಗ ಯಾರೂ ಕೆಮ್ಮಲೂ ಇಲ್ಲ.

ದೀಪ ಹತ್ತಿತು. ಚಿತ್ರ ಮಾಡಿದವರನ್ನು ವೇದಿಕೆಗೆ ಕರೆದರು. ಪುಟ್ಟಿ ಮೈಕ್ ಹಿಡಿದು ನಿಂತಳು.

“ಆ ನಡಿಗೆ ಎಲ್ಲಿಂದ ಹಿಡಿದ್ರಿ? ಎಷ್ಟು ನಿಜವಾಗಿದೆ!” ಎಂದು ಯಾರೋ ಕೇಳಿದರು.

“ಅದು… ಸುಮ್ನೆ ಕಲ್ಪನೆ ಸರ್,” ಎಂದಳು.

“ಸುಳ್ಳು ಹೇಳ್ಬೇಡ ಪುಟ್ಟಿ!”

ಎಲ್ಲರೂ ತಿರುಗಿದರು. ಅಪ್ಪ ಎದ್ದು ನಿಂತಿದ್ದ. ಅಷ್ಟು ಜನರ ನಡುವೆ ಅವನು ನಿಂತದ್ದನ್ನು ಪುಟ್ಟಿ ಕಂಡದ್ದೇ ಇಲ್ಲ.

“ಟೇಲರ್ ಮಗಳು ನೀನು. ಅಳತೆ ಇಲ್ದೆ ಹೊಲಿಯೋಕಾಗತ್ತಾ? ಅಳತೆ ಯಾರದ್ದು ಅಂತ ಹೇಳು.”

“ನಿಂದಪ್ಪಾ,” ಎಂದಳು ಪುಟ್ಟಿ. ಅಷ್ಟು ಹೇಳುವಷ್ಟರಲ್ಲಿ ಅಳು ಉಕ್ಕಿಬಂತು. “ನಿನ್ನ ಕೇಳ್ದೆ ಹಿಂದೆ ಬಂದ್ಬಿಟ್ಟೆ. ತಪ್ಪಾಯ್ತು.”

“ತಪ್ಪು ಆಗಿದೆ, ಮನೆಗೆ ನಡಿ ಹೇಳ್ತೀನಿ,” ಎಂದು ಅಪ್ಪ ಕೂತುಬಿಟ್ಟ. ಜನ ನಕ್ಕರು. ಪುಟ್ಟಿ ನಗಲಿಲ್ಲ.

ಅವಳು ಕೆಳಗಿಳಿದು ಬಂದಾಗ ಜನ ಬಾಗಿಲ ಕಡೆ ಹೊರಟಿದ್ದರು. ಸಭಾಂಗಣ ಖಾಲಿಯಾಗುವ ತನಕ ಅಪ್ಪ ಏಳುವುದಿಲ್ಲವೆಂದು ಅಮ್ಮನೂ ಪುಟ್ಟಿಯೂ ಕಾಯುತ್ತ ನಿಂತರು. ಅಪ್ಪ ಜನರಿರುವಾಗಲೇ ಎದ್ದ.

“ನಿನ್ನ ಕುರ್ಚಿ ಹಾರೋಕೆ ಮುಂಚೆ ಬೆನ್ನು ಬಾಗಿಸಲ್ಲ. ಹಂಗೆ ಹಾರಿದ್ರೆ ಸೊಂಟ ಹಿಡ್ಕೊಳ್ಳತ್ತೆ ಪುಟ್ಟಿ. ನಾನು ಬಾಗಿಸ್ತೀನಿ. ನೀನು ಸರಿಯಾಗಿ ನೋಡಿಲ್ಲ.”

“ಹೆದರ್ಕೊಂಡು ನೋಡಿದ್ದು, ಅಪ್ಪಾ.”

“ಅದೇ ತಪ್ಪು.”

ಅಮ್ಮ ವಾಡಿಕೆಯಂತೆ ಮುಂದೆ ಹೊರಟಳು. ಅಪ್ಪ ಅವಳ ಕೈ ಹಿಡಿದು ನಿಲ್ಲಿಸಿದ.

“ನಿಲ್ಲೇ. ಎಲ್ಲಿಗೆ ಓಡ್ತೀಯ? ಇಬ್ರೂ ನನ್ನ ಹಿಂದೆ ಬನ್ನಿ.”

ಅಮ್ಮ ಪುಟ್ಟಿಯ ಪಕ್ಕಕ್ಕೆ ಸರಿದಳು. ಅಪ್ಪ ಜನರ ನಡುವೆ ಇಳಿದು ನಡೆದ. ಹೊರಗಿನ ಮೆಟ್ಟಿಲ ಕೊನೆಗೆ ಬಂದು ನಿಂತ. ಈ ಸಲ ಆಚೀಚೆ ನೋಡಲಿಲ್ಲ. “ಪುಟ್ಟಿ, ಬೆನ್ನು ನೋಡು,” ಎಂದು ಕೂಗಿ ಹೇಳಿ, ಹಾರಿದ.